ತಿಮಿಂಗಿಲ ಬೇಟೆ ಹಡಗಿಗೆ ಅಡ್ಡ ನಿಂತರೆ ನಿಜಕ್ಕೂ ಏನಾದರೂ ಉಪಯೋಗ ಇದೆಯಾ?

ಹಾಸನ_ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ದಿನಾ ಊಟದ ಹೊತ್ತಿಗೆ ಇದೇ ವಾದ. ತಿಳಿದವರು ಯಾರಾದರೂ ಹೇಳಲಿ ಅಂತ ಇಲ್ಲಿ ಹಾಕ್ತಿದ್ದೀನಿ.

ನನ್ನ ತಮ್ಮ ಮರೈನ್ ಎಂಜಿನಿಯರಿಂಗ್ ಮುಗಿಸಿ ಸರಕು ಹಡಗಿನಲ್ಲಿ ಫೋರ್ತ್ ಎಂಜಿನಿಯರ್ ಆಗಿದ್ದಾನೆ. ಕಾಂಟ್ರಾಕ್ಟ್ ಮುಗಿದು ರಜೆಗೆ ಬಂದಿದ್ದಾನೆ. ಮುಂದಿನದಕ್ಕೆ ಸಹಿ ಹಾಕೋ ಮುಂಚೆ ಒಂದಷ್ಟು ತಿಂಗಳು ತಿಮಿಂಗಿಲ ಕೊಲ್ಲೋ ಹಡಗಿಗೆ ಅಡ್ಡ ನಿಲ್ಲೋರ ಜೊತೆ ಹೋಗ್ತೀನಿ, ಅವರ ಹಡಗಿನ ಎಂಜಿನ್ ನೋಡ್ಕೋತೀನಿ, ಸಂಬಳ ಬೇಡ ಅಂತ ಹಟ ಹಿಡಿದಿದ್ದಾನೆ. ಓದಿಗೆ ತೆಗೆದ ಸಾಲ ಇನ್ನೂ ತೀರಿಲ್ಲ. ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಹೀಗೆ ಅಡ್ಡ ನಿಲ್ಲೋ ಸೀ ಶೆಫರ್ಡ್ ಸಂಸ್ಥೆ ಕಟ್ಟಿದ ಪಾಲ್ ವಾಟ್ಸನ್ ಅರೆಸ್ಟ್ ಆದ ವಿಡಿಯೋನ ಅಮ್ಮನಿಗೆ ಯಾರೋ ತೋರಿಸಿದ್ದಾರೆ. 2024ರ ಜುಲೈನಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಹಿಡಿದು ಡಿಸೆಂಬರ್ ತನಕ ಒಳಗೆ ಇಟ್ಟಿದ್ದರಲ್ಲ, ಅದು. ನೋಡಿದಾಗಿನಿಂದ ಅವರಿಗೆ ನಿದ್ದೆ ಇಲ್ಲ.

ನಾನು ಅವನ ಪರ. ಆದರೆ ಅಷ್ಟು ದೂರ ಹೋಗಿ, ಅಷ್ಟು ಬಿಟ್ಟು, ಅದರಿಂದ ಒಂದು ಪ್ರಾಣಿಯಾದರೂ ಉಳಿಯಬೇಕಲ್ಲ? ಟಿವಿಯಲ್ಲಿ ಸಣ್ಣ ರಬ್ಬರ್ ದೋಣಿ, ಹಡಗಿನ ಮೇಲಿಂದ ಜೋರಾಗಿ ನೀರು ಹಾರಿಸೋದು, ಕೂಗಾಟ ಎಲ್ಲ ನೋಡಿದ್ದೇವೆ. ಆಮೇಲೆ ಏನಾಯ್ತು? ಬೇಟೆ ಕಡಿಮೆ ಆಯ್ತಾ? ಇಲ್ಲಾ ಕೋರ್ಟು, ಸರ್ಕಾರಗಳಿಂದ ಆಗಿದ್ದನ್ನೇ ಇವರು ತಮ್ಮ ಲೆಕ್ಕಕ್ಕೆ ಹಾಕ್ಕೊಳ್ತಿದ್ದಾರಾ? ಹಡಗಿನ ಕೆಲಸ ಗೊತ್ತಿರೋರು, ನಮ್ಮ ಕಡೆ ಹೋರಾಟಗಳಲ್ಲಿ ಇದ್ದೋರು ಯಾರಾದರೂ ಬಿಡಿಸಿ ಹೇಳಿ. ಅಪ್ಪನಿಗೆ ಓದಿ ಹೇಳ್ತೀನಿ.

ಕಡೂರು_ಬಯಲು

ಅಕ್ಕ, ತಮ್ಮನ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನು ಬೇಡ ಅಂತಲೇ ಹೇಳೋದು. ನಮ್ಮ ತಾಲ್ಲೂಕಿನ ಕೆರೆ ಹೂಳೆತ್ತೋಕೆ ಕರೆದರೆ ನಾಲ್ಕು ಜನ ಬರಲ್ಲ. ಓದಿದ ಹುಡುಗರು, ಎಂಜಿನ್ ಬಗ್ಗೆ ಗೊತ್ತಿರೋರು, ಕಷ್ಟಕ್ಕೆ ಹೆದರದೋರು ಇಲ್ಲೇ ಬೇಕಾಗಿದ್ದಾರೆ. ಸಮುದ್ರದಲ್ಲಿ ಒಂದು ಹಡಗು ಒಂದು ದಿನ ಸುಡೋ ಡೀಸೆಲ್ ದುಡ್ಡಿಗೆ ಇಲ್ಲಿ ಒಂದು ಕಟ್ಟೆ ರಿಪೇರಿ ಆಗುತ್ತೆ. ತಿಮಿಂಗಿಲ ಉಳೀಬೇಕು ನಿಜ. ಅದಕ್ಕೆ ಹತ್ತಿರ ಇರೋ ದೇಶದೋರು ಹೋಗಲಿ.

ಎಂಜಿನ್‌ರೂಮ್_ಅರಕಲಗೂಡು

ಮೇಡಂ, ನಾನು ಸೆಕೆಂಡ್ ಎಂಜಿನಿಯರ್, ಈಗ ಊರಲ್ಲಿದ್ದೀನಿ. ಹೋರಾಟದ ವಿಷಯ ಬೇರೆಯವರು ಹೇಳಲಿ. ಹಡಗಿನ ಕಡೆಯಿಂದ ನಿಮ್ಮ ತಮ್ಮನಿಗೆ ಗೊತ್ತಿದ್ದೂ ಮನೇಲಿ ಹೇಳದೆ ಇರಬಹುದಾದ್ದನ್ನು ನಾನು ಹೇಳ್ತೀನಿ.

ಈ ಸೀ ಶೆಫರ್ಡ್‌ನವರ ಒಂದು ಮುಖ್ಯ ಆಯುಧ ದಪ್ಪ ಹಗ್ಗ. ಎದುರು ಹಡಗಿನ ಮೂತಿಯ ಮುಂದೆ ಹಗ್ಗ ಎಳೆದುಕೊಂಡು ಹಾದುಹೋಗ್ತಾರೆ, ಅದು ತಳದ ಕೆಳಗೆ ಹೋಗಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳಲಿ ಅಂತ. ಬರೀ ಬ್ಲೇಡಿಗೆ ಸುತ್ತಿಕೊಂಡರೆ ವೇಗ ಇಳಿಯುತ್ತೆ, ಹಡಗು ನಡುಗುತ್ತೆ, ಅಷ್ಟೆ. ಆದರೆ ಪ್ರೊಪೆಲ್ಲರ್ ತಿರುಗಿಸೋ ಶಾಫ್ಟ್ ಹಡಗಿನಿಂದ ಹೊರಗೆ ಬರೋ ಜಾಗದಲ್ಲಿ ಒಂದು ಸೀಲ್ ಇರುತ್ತೆ. ಒಳಗಿನ ಎಣ್ಣೆ ಹೊರಗೆ ಹೋಗದ ಹಾಗೆ, ಹೊರಗಿನ ಉಪ್ಪುನೀರು ಒಳಗೆ ಬರದ ಹಾಗೆ ತಡೆಯೋದು ಅದೊಂದೇ. ಹಗ್ಗದ ಎಳೆ ಬಿಸಿಯಾಗಿ ಕರಗಿ ಆ ಸೀಲ್ ಒಳಗೆ ನುಗ್ಗಿದರೆ ಮುಗೀತು. ಎಣ್ಣೆ ಸಮುದ್ರಕ್ಕೆ ಸೋರುತ್ತೆ, ಎಂಜಿನ್ ನಿಲ್ಲಿಸಲೇಬೇಕು, ಡ್ರೈಡಾಕ್‌ಗೆ, ಅಂದರೆ ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡೋ ಜಾಗಕ್ಕೆ, ಹೋಗದೆ ಸರಿಯಾಗಲ್ಲ. ಅಂಟಾರ್ಕ್ಟಿಕ್ ನೀರಿನಲ್ಲಿ ಎಂಜಿನ್ ನಿಂತ ಹಡಗು ಅಂದರೆ ಗಾಳಿ ಎತ್ತ ತಳ್ಳುತ್ತೋ ಅತ್ತ, ಮಂಜುಗಡ್ಡೆ ಇರಲಿ ಬಿಡಲಿ. ಹತ್ತಿರದ ಬಂದರು ಎಷ್ಟೋ ದಿನಗಳ ದಾರಿ. ಆ ಹಡಗಿನ ಎಂಜಿನ್‌ರೂಮಲ್ಲೂ ನಮ್ಮಂಥ ಕೆಲಸಗಾರರೇ ಇರೋದು. ಇದು ನನಗೆ ಒಪ್ಪಿಗೆಯಾಗದ ವಿಷಯ, ನೇರವಾಗಿ ಹೇಳಿಬಿಟ್ಟೆ.

ಇನ್ನು ಅಪಾಯ. 2010ರ ಜನವರಿ 6ರಂದು ಆಡಿ ಗಿಲ್ ಅನ್ನೋ ಇವರ ವೇಗದ ದೋಣಿಗೆ ಜಪಾನಿನ ಶೋನನ್ ಮಾರು 2 ಢಿಕ್ಕಿಯಾಗಿ ಮೂತಿಯೇ ಕತ್ತರಿಸಿ ಹೋಯ್ತು. ತಪ್ಪು ಅವರದು ಅಂತ ಇವರು, ಇವರದು ಅಂತ ಅವರು. ದೋಣಿಯಲ್ಲಿದ್ದ ಆರೂ ಜನ ಬದುಕಿದ್ದು ಪುಣ್ಯ. ಅದರ ಕ್ಯಾಪ್ಟನ್ ಪೀಟ್ ಬೆಥೂನ್ ಮರು ತಿಂಗಳು ಆ ಜಪಾನಿ ಹಡಗನ್ನೇ ಹತ್ತಿ, ಅವರ ಕೈಗೆ ಸಿಕ್ಕು, ಟೋಕಿಯೋ ಕೋರ್ಟಿನಲ್ಲಿ ಎರಡು ವರ್ಷದ ಶಿಕ್ಷೆ ಆಯ್ತು. ಶಿಕ್ಷೆ ಅಮಾನತಿನಲ್ಲಿಟ್ಟು ಊರಿಗೆ ಕಳಿಸಿದರು, ಅದು ಬೇರೆ ಮಾತು. 2013ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟೊಂದು ಇವರ ರೀತಿಯನ್ನು ಕಡಲ್ಗಳ್ಳತನ ಅಂತಲೇ ಕರೆಯಿತು. ಸರ್ಟಿಫಿಕೇಟ್ ಹಿಡಿದು ಬದುಕೋ ನಮ್ಮಂಥವರಿಗೆ ಹೊರದೇಶದಲ್ಲಿ ಒಂದು ಕೇಸು ಬಿದ್ದರೆ ಮುಂದೆ ವೀಸಾ, ಕಂಪನಿ ಎಲ್ಲ ಕಷ್ಟ. ಹೋಗಬೇಡ ಅಂತಿಲ್ಲ. ಯಾವ ಹಡಗು, ಯಾವ ನೀರು, ಯಾವ ಕೆಲಸ ಅಂತ ಕೇಳಿಕೊಂಡು ಹೋಗಲಿ.

ಕಳಸದ_ಮೇಷ್ಟ್ರು

ಟೀಚರಮ್ಮ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಉಪಯೋಗ ಇದೆ. ಎಲ್ಲ ಕಡೆಯೂ ಅಲ್ಲ, ಎಲ್ಲ ಬಗೆಯಿಂದಲೂ ಅಲ್ಲ. ಆಗಿರುವ ಕಡೆ ಯಾಕೆ ಆಯಿತು ಎನ್ನುವುದನ್ನು ನಾನು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಕುದುರೆಮುಖದ ಗಣಿಗಾರಿಕೆ ನಿಲ್ಲಲಿ ಎಂದು ಮಳೆಯಲ್ಲಿ ಜಾಥಾ ಹೋದವರಲ್ಲಿ, ಧರಣಿ ಕೂತವರಲ್ಲಿ ನಾನೂ ಒಬ್ಬ. ಆದ್ದರಿಂದ ಇದು ನನಗೆ ಯಾವತ್ತೂ ದೂರದ ವಿಷಯ ಅನ್ನಿಸಿಲ್ಲ.

ಜಪಾನಿನವರ ಅಂಟಾರ್ಕ್ಟಿಕ್ ಬೇಟೆ ಹೇಗೆ ನಡೆಯುತ್ತಿತ್ತು ಎನ್ನುವುದನ್ನು ಮೊದಲು ನೋಡಬೇಕು. ನಿಸ್ಶಿನ್ ಮಾರು ಎಂಬ ಒಂದೇ ಒಂದು ತಾಯಿಹಡಗು. ಅದರ ಜೊತೆಗೆ ಮೂತಿಯಲ್ಲಿ ಹಾರ್ಪೂನ್ ಫಿರಂಗಿ ಕೂರಿಸಿದ ಕೆಲವು ಚಿಕ್ಕ, ವೇಗದ ಬೇಟೆ ಹಡಗುಗಳು. ಹಾರ್ಪೂನಿನ ತುದಿಯಲ್ಲಿ ಸಿಡಿಗುಂಡು, ಪ್ರಾಣಿಯ ಮೈಯೊಳಗೆ ಹೊಕ್ಕು ಸಿಡಿಯುತ್ತದೆ. ಸತ್ತ ತಿಮಿಂಗಿಲವನ್ನು ಬೇಟೆ ಹಡಗು ತನ್ನ ಪಕ್ಕಕ್ಕೆ ಬಿಗಿದುಕೊಂಡು ತಾಯಿಹಡಗಿನ ಹಿಂಭಾಗಕ್ಕೆ ತರಬೇಕು. ಅಲ್ಲಿ ನೀರಿನಿಂದ ಡೆಕ್ಕಿನವರೆಗೆ ಒಂದು ಇಳಿಜಾರು ಇದೆ, ಸ್ಲಿಪ್‌ವೇ ಅನ್ನುತ್ತಾರೆ. ಬಾಲಕ್ಕೆ ಹಗ್ಗ ಹಾಕಿ ವಿಂಚಿನಿಂದ ಮೇಲಕ್ಕೆ ಎಳೆಯುವುದು ಅಲ್ಲಿಂದಲೇ. ಕೊಯ್ಯುವುದು, ಅಳೆಯುವುದು, ಪೆಟ್ಟಿಗೆ ತುಂಬಿ ಫ್ರೀಜ್ ಮಾಡುವುದು ಎಲ್ಲ ಆ ಡೆಕ್ಕಿನ ಮೇಲೆ ಮತ್ತು ಕೆಳಗೆ. ಬೇರೆ ದಾರಿಯೇ ಇಲ್ಲ. ಆ ಇಳಿಜಾರಿನ ಹಿಂದೆಯೇ ಇನ್ನೊಂದು ಹಡಗು ಬಿಡದೆ ಅಂಟಿಕೊಂಡು ಬಂದರೆ ಬೇಟೆ ಹಡಗು ಎಷ್ಟೇ ಇರಲಿ, ಹೊಡೆದದ್ದನ್ನು ಒಪ್ಪಿಸಲು ಜಾಗವಿಲ್ಲ. ಇಡೀ ದಂಡಿನ ಜುಟ್ಟು ಆ ಒಂದು ಇಳಿಜಾರಿನಲ್ಲಿತ್ತು.

ಸೀ ಶೆಫರ್ಡ್‌ನವರು 2010-11ರ ಋತುವಿನಲ್ಲಿ ಹಿಡಿದದ್ದು ಆ ಜುಟ್ಟನ್ನೇ. ಬಾಬ್ ಬಾರ್ಕರ್ ಎಂಬ ಅವರ ಹಡಗು ನಿಸ್ಶಿನ್ ಮಾರುವಿನ ಬೆನ್ನು ಹತ್ತಿ ಬಿಡಲಿಲ್ಲ. ಅಲ್ಲಿನ ಬೇಸಿಗೆ ಎಂದರೆ ನಮ್ಮ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ. ಓಡಿ ತಪ್ಪಿಸಿಕೊಳ್ಳುವುದರಲ್ಲಿ ಕಳೆದ ದಿನವೆಲ್ಲ ಬೇಟೆಯ ಲೆಕ್ಕದಿಂದ ಕಳೆದಂತೆಯೇ. 2011ರ ಫೆಬ್ರವರಿಯಲ್ಲಿ ಜಪಾನ್ ಋತು ಮುಗಿಯುವ ಮುಂಚೆಯೇ ಹಡಗುಗಳನ್ನು ವಾಪಸ್ ಕರೆಸಿಕೊಂಡಿತು. ಹೊಡೆಯಲು ಹೊರಟಿದ್ದು 850ರ ಆಸುಪಾಸಿನಷ್ಟು ಮಿಂಕೆ, ಜೊತೆಗೆ 50 ಫಿನ್ ತಿಮಿಂಗಿಲ. ಹೊಡೆದದ್ದು ಒಟ್ಟು 172. ಮರುವರ್ಷ 267. ಅದರ ಮರುವರ್ಷ, 2012-13ರಲ್ಲಿ, 103. ಅಡ್ಡಿಪಡಿಸಿದ್ದರಿಂದಲೇ ಹೀಗಾಯಿತು ಎಂದು ದೂರಿದ್ದು ಜಪಾನ್ ಸರ್ಕಾರವೇ. ಎದುರಾಳಿಯ ಬಾಯಿಂದ ಬಂದ ಸಾಕ್ಷಿಗಿಂತ ದೊಡ್ಡದು ನನಗೆ ಗೊತ್ತಿಲ್ಲ.

ಇನ್ನೊಂದು ಬದಿಯ ಲೆಕ್ಕವೂ ಇದೆ. 2014ರ ಮಾರ್ಚ್ 31ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಆಸ್ಟ್ರೇಲಿಯಾ ಹೂಡಿದ್ದ ದಾವೆಯಲ್ಲಿ, ಸಂಶೋಧನೆಗೆ ಎಂದು ಜಪಾನ್ ಹೇಳಿಕೊಳ್ಳುತ್ತಿದ್ದ ಇದು ವಿಜ್ಞಾನಕ್ಕಾಗಿ ನಡೆಯುವ ಬೇಟೆ ಅಲ್ಲ ಎಂದು 12-4ರ ಬಹುಮತದಿಂದ ತೀರ್ಪು ಕೊಟ್ಟಿತು. ಮುಂದಿನ ಋತುವಿನಲ್ಲಿ ಅಂಟಾರ್ಕ್ಟಿಕ್‌ನಲ್ಲಿ ಒಂದೂ ತಿಮಿಂಗಿಲ ಸಾಯಲಿಲ್ಲ. ಅದು ಕೋರ್ಟಿನ ಕೆಲಸ. ಆಮೇಲೆ ಜಪಾನ್ ಹೊಸ ಹೆಸರಿನ ಯೋಜನೆ ಮಾಡಿಕೊಂಡು 333ಕ್ಕೆ ಗುರಿ ಇಟ್ಟುಕೊಂಡು ಮತ್ತೆ ಹೊರಟಿತು. ಈ ಸಲ ಉಪಗ್ರಹದ ಕಣ್ಗಾವಲಿನಿಂದ ಎದುರಾಳಿಗಳು ಎಲ್ಲಿದ್ದಾರೆಂದು ನೋಡಿಕೊಂಡು ದೂರ ಸರಿಯುತ್ತಿದ್ದರು ಎಂದು ಸೀ ಶೆಫರ್ಡ್ ಹೇಳಿತು. 2015-16ರಲ್ಲಿ 333, ಮರುವರ್ಷವೂ 333. ಪೂರ್ತಿ ಗುರಿ. 2017ರಲ್ಲಿ ಸೀ ಶೆಫರ್ಡ್ ಇನ್ನು ಅಲ್ಲಿಗೆ ಹಡಗು ಕಳಿಸುವುದಿಲ್ಲ ಎಂದು ಹೇಳಿತು. ಜುಟ್ಟು ಕೈಗೆ ಸಿಗುವಾಗ 103, ಸಿಗದಾಗ 333. ನಿಮ್ಮ ತಂದೆಯವರಿಗೆ ಈ ಎರಡು ಅಂಕಿ ಓದಿ ಹೇಳಿ.

ಕುದುರೆಮುಖದಲ್ಲಿ ನಮಗೆ ಇದು ಸಿಗಲಿಲ್ಲ. ಹೊರಗಿನವರು ಕೇಳುತ್ತಿದ್ದರು, ಅದಿರು ಲಾರಿ ತಡೆಯಬಾರದೇ ಎಂದು. ಲಾರಿ ಎಲ್ಲಿತ್ತು? ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಕಳಿಸುತ್ತಿದ್ದರು. ರಾತ್ರಿ ಹಗಲು ಹರಿಯುವ ಪೈಪಿನ ಮುಂದೆ ಯಾರು ಹೇಗೆ ಅಡ್ಡ ಮಲಗುವುದು? ಅಲ್ಲಿ ಜುಟ್ಟು ಇದ್ದದ್ದು ಗುತ್ತಿಗೆಯ ಕಾಗದದಲ್ಲಿ. 30 ವರ್ಷದ ಗಣಿ ಗುತ್ತಿಗೆ 1999ಕ್ಕೆ ಮುಗಿದಿತ್ತು, ಕಾಡು ರಾಷ್ಟ್ರೀಯ ಉದ್ಯಾನ ಆಗಿತ್ತು, ಭದ್ರೆಗೆ ಹೂಳು ಸೇರುವ ಪ್ರಶ್ನೆ ನ್ಯಾಯಾಲಯದ ಮುಂದಿತ್ತು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ರಸ್ತೆಯಲ್ಲಿದ್ದ ನಮ್ಮಿಂದ ಒಂದು ದಿನದ ಅದಿರೂ ನಿಲ್ಲಲಿಲ್ಲ. ಆದರೂ ನಾವು ಬೇಕಾಗಿದ್ದೆವು ಎಂದೇ ನನ್ನ ನಂಬಿಕೆ. ಹೊಳೆ ದಂಡೆಯ ಜನ ಸುಮ್ಮನಿದ್ದಿದ್ದರೆ, ಅಲ್ಲಿ ಯಾರಿಗೂ ತೊಂದರೆಯೇ ಇಲ್ಲ ಎಂದು ದೆಹಲಿಯಲ್ಲಿ ಹೇಳುವುದು ಸುಲಭವಾಗುತ್ತಿತ್ತು.

ಸಮುದ್ರದಲ್ಲಿ ದಂಡೆಯ ಜನ ಇಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕಡೂರಿನ ಗೆಳೆಯರು ಹತ್ತಿರದ ದೇಶದವರು ಹೋಗಲಿ ಎಂದರಲ್ಲ, ಅವರಿಗೂ ಇದನ್ನು ಹೇಳಬೇಕು. ಕುದುರೆಮುಖದ ತುದಿಯಿಂದ ಆಕಾಶ ಶುಭ್ರವಾಗಿದ್ದ ದಿನ ಅರಬ್ಬಿ ಸಮುದ್ರ ಕಾಣುತ್ತದೆ. ಅದೇ ಸಮುದ್ರದಲ್ಲಿ, ಒಮಾನ್, ಪಾಕಿಸ್ತಾನ ಮತ್ತು ನಮ್ಮ ಪಶ್ಚಿಮ ತೀರದಾಚೆ, 1966ರ ನವೆಂಬರಿನಲ್ಲಿ ಸೋವಿಯತ್ ಬೇಟೆ ಹಡಗುಗಳು ಬಂದು ಸುಮಾರು 240 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದವು. ಬೇರೆ ಹಂಪ್‌ಬ್ಯಾಕ್‌ಗಳಂತೆ ಇವು ಧ್ರುವಕ್ಕೆ ವಲಸೆ ಹೋಗುವುದಿಲ್ಲ, ವರ್ಷವಿಡೀ ಅರಬ್ಬಿ ಸಮುದ್ರದಲ್ಲೇ ಇರುವ ಬೇರೆಯೇ ಒಂದು ಗುಂಪು. ಈಗ ನೂರು ಕೂಡ ಉಳಿದಿಲ್ಲ ಎಂದು ವಿಜ್ಞಾನಿಗಳ ಅಂದಾಜು. ನಮ್ಮ ಮನೆ ಬಾಗಿಲಲ್ಲಿ ಇಷ್ಟು ನಡೆದದ್ದು ಆಗ ನಮಗೆ ಗೊತ್ತಾಯಿತೇ? ಇಲ್ಲ. ಸೋವಿಯತ್ ಒಕ್ಕೂಟ ಕಳುಹಿಸುತ್ತಿದ್ದದ್ದು ಸುಳ್ಳು ಲೆಕ್ಕ. ಒಕ್ಕೂಟ ಒಡೆದ ಮೇಲೆ, 1990ರ ದಶಕದಲ್ಲಿ, ಅಲೆಕ್ಸಿ ಯಾಬ್ಲೊಕೊವ್ ಮತ್ತಿತರ ರಷ್ಯಾದ ವಿಜ್ಞಾನಿಗಳೇ ಮುಚ್ಚಿಟ್ಟ ಕಡತಗಳನ್ನು ಬಯಲಿಗೆ ತಂದರು. ಲೆಕ್ಕಕ್ಕೆ ತೋರಿಸದೆ ಕೊಂದ ತಿಮಿಂಗಿಲಗಳು ಒಟ್ಟು 1.8 ಲಕ್ಷದಷ್ಟು. ಆ ಕಳ್ಳಲೆಕ್ಕ ಬಹಳಷ್ಟು ಇಳಿದದ್ದು ಯಾವಾಗ ಗೊತ್ತೇ? 1972ರಿಂದ ಬೇಟೆ ಹಡಗಿನಲ್ಲಿ ಬೇರೆ ದೇಶದ ವೀಕ್ಷಕ ಇರಬೇಕು ಎಂದಾದ ಮೇಲೆ. ಆ ವೀಕ್ಷಕನ ಕೈಯಲ್ಲಿ ಲಾಠಿ ಇರಲಿಲ್ಲ. ಇದ್ದದ್ದು ಕಣ್ಣು ಮತ್ತು ಒಂದು ಪುಸ್ತಕ.

1975ರ ಜೂನ್ 27ರಂದು ಕ್ಯಾಲಿಫೋರ್ನಿಯಾದಾಚೆ ಗ್ರೀನ್‌ಪೀಸ್‌ನವರು ರಬ್ಬರ್ ದೋಣಿಯಲ್ಲಿ ಸೋವಿಯತ್ ಬೇಟೆ ಹಡಗಿನ ಮುಂದೆ ನಿಂತರು. ಹಾರ್ಪೂನು ಅವರ ತಲೆಯ ಮೇಲಿಂದ ಹೋಗಿ ಸ್ಪರ್ಮ್ ತಿಮಿಂಗಿಲಕ್ಕೆ ನಾಟಿತು. ಆ ತಿಮಿಂಗಿಲ ಉಳಿಯಲಿಲ್ಲ. ಉಳಿದದ್ದು ಚಿತ್ರ, ಅದು ಟಿವಿಯಲ್ಲಿ ಬಂತು. ಎರಡು ವರ್ಷದ ನಂತರ, 1977ರಲ್ಲಿ, ಆಸ್ಟ್ರೇಲಿಯಾದ ಆಲ್ಬನಿಯ ಬೇಟೆ ಹಡಗುಗಳ ಮುಂದೆ ಅದೇ ಬಗೆಯ ರಬ್ಬರ್ ದೋಣಿಗಳು. 1978ರ ನವೆಂಬರಿನಲ್ಲಿ ಆ ಕೇಂದ್ರ ಮುಚ್ಚಿತು. ತಿಮಿಂಗಿಲ ಎಣ್ಣೆಗೆ ಗಿರಾಕಿ ಇಲ್ಲದಾಗಿದ್ದೂ ದೊಡ್ಡ ಕಾರಣ, ಅದನ್ನು ಮರೆಮಾಚಬಾರದು. ಆದರೆ ಸರ್ಕಾರ ವಿಚಾರಣಾ ಆಯೋಗ ಕೂರಿಸಿತು, ಬೇಟೆಯನ್ನೇ ನಿಷೇಧಿಸಿತು, ಮತ್ತು ತಾನೇ ಬೇಟೆಯಾಡುತ್ತಿದ್ದ ಆ ದೇಶ 2010ರಲ್ಲಿ ಜಪಾನನ್ನು ನ್ಯಾಯಾಲಯಕ್ಕೆ ಎಳೆಯಿತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 25-7ರಿಂದ ವಾಣಿಜ್ಯ ಬೇಟೆಗೆ ತಡೆ ಹಾಕಿದಾಗ ಪ್ರಸ್ತಾಪ ತಂದದ್ದು ಸೇಶೆಲ್ಸ್ ಎಂಬ ಪುಟ್ಟ ದ್ವೀಪರಾಷ್ಟ್ರ. ನಮ್ಮ ಭಾರತವೂ ಅದಕ್ಕೆ ಹಿಂದಿನ ವರ್ಷವೇ ಸದಸ್ಯನಾಗಿತ್ತು. ಮತ ಹಾಕಿದವರು ಸರ್ಕಾರಗಳ ಪ್ರತಿನಿಧಿಗಳು. ಮತ ಹಾಕಬೇಕಾದ ವಿಷಯ ಇದು ಎಂದು ಅವರ ಊರಿನ ಜನಕ್ಕೆ ಅನ್ನಿಸಿದ್ದು ಆ ಚಿತ್ರಗಳಿಂದ.

ಒಂದನ್ನು ನಾನು ಒಪ್ಪುವುದಿಲ್ಲ. ಹಡಗಿಗೆ ಗುದ್ದುವುದು, ಮುಳುಗಿಸುವುದು. 1979ರಲ್ಲಿ ಪೋರ್ಚುಗಲ್ ತೀರದಲ್ಲಿ ಸಿಯೆರಾ ಎಂಬ ಕಳ್ಳಬೇಟೆ ಹಡಗಿಗೆ ವಾಟ್ಸನ್ ತನ್ನ ಹಡಗಿನಿಂದ ಗುದ್ದಿದರು, ಮರುವರ್ಷ ಅದನ್ನು ಲಿಸ್ಬನ್ ಬಂದರಿನಲ್ಲಿ ಸ್ಫೋಟಿಸಿ ಮುಳುಗಿಸಲಾಯಿತು. 1986ರ ನವೆಂಬರಿನಲ್ಲಿ ಐಸ್ಲೆಂಡಿನ ರೇಕ್ಯಾವಿಕ್ ಬಂದರಿನಲ್ಲಿ ಹ್ವಾಲೂರ್ 6, ಹ್ವಾಲೂರ್ 7 ಎಂಬ ಎರಡು ಬೇಟೆ ಹಡಗುಗಳ ಕವಾಟ ತೆರೆದು ಮುಳುಗಿಸಿದರು. ಯಾರೂ ಸಾಯಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾರೆ. ರಾತ್ರಿ ಒಬ್ಬ ಕಾವಲುಗಾರ ಕೆಳಗೆ ಮಲಗಿದ್ದಿದ್ದರೆ? ಅರಕಲಗೂಡಿನವರು ಸೀಲ್ ಬಗ್ಗೆ ಬರೆದದ್ದನ್ನು ಓದಿ ನನಗೆ ಆ ಹಗ್ಗದ ವಿಷಯದಲ್ಲೂ ಇದೇ ಅನ್ನಿಸಿತು. ಐಸ್ಲೆಂಡ್ ಬೇಟೆ ಮುಂದುವರಿಸಿತು. ಅದು ತಗ್ಗಿದ್ದು ಅವರ ಮೀನನ್ನು ಕೊಳ್ಳಬೇಡಿ ಎಂದು ಅಮೆರಿಕ, ಜರ್ಮನಿಗಳಲ್ಲಿ ಬಹಿಷ್ಕಾರ ಏರಿದ ಮೇಲೆ. ತಮ್ಮ ದೇಹವನ್ನು ಅಡ್ಡ ಇಟ್ಟು ನಿಲ್ಲುವವರಿಗೂ ಇನ್ನೊಬ್ಬರ ದೇಹವನ್ನು ಅಪಾಯಕ್ಕೆ ಒಡ್ಡುವವರಿಗೂ ಇರುವ ವ್ಯತ್ಯಾಸವನ್ನು ನಿಮ್ಮ ತಮ್ಮ ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಅಂಕೋಲೆಯಲ್ಲಿ 1930ರಲ್ಲಿ ಉಪ್ಪು ತಯಾರಿಸಿದವರ ನಾಡು ನಮ್ಮದು.

ಸಕಲೇಶಪುರ_ತೋಟ

ಮೇಷ್ಟ್ರೇ, ನಿಮ್ಮ ಬರಹ ಎರಡು ಸಲ ಓದಿದೆ. ಆದರೂ ನನಗೆ ಒಂದು ಸಂಕಟ ಇದೆ, ಹೇಳ್ಕೋತೀನಿ.

ನಾನು ಹೇಮಾವತಿ ಆಚೆ ಕಾಫಿ ತೋಟ ನೋಡ್ಕೊಳ್ಳೋ ಹೆಂಗಸು. ನಮ್ಮಲ್ಲಿ ಬೆಳಗ್ಗೆ ಎದ್ದ ತಕ್ಷಣ ನೋಡೋದು ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ (ಇಟಿಎಫ್) ಹುಡುಗರು ಹಾಕೋ ಮೆಸೇಜು. ಅದು ಬಾರದೆ ಕೆಲಸದೋರನ್ನ ತೋಟಕ್ಕೆ ಬಿಡಲ್ಲ. ರಾತ್ರಿ ಗುಂಪು ನಡೆದಿದ್ದರೆ ಬಾಳೆ ಸೀಳಿ ತಿರುಳು ತಿಂದು ಸಿಪ್ಪೆ ಬಿಸಾಕಿರುತ್ತೆ, ಹಣ್ಣು ತುಂಬಿದ ರೋಬಸ್ಟಾ ರೆಂಬೆ ಮುರಿದು ಮಣ್ಣಲ್ಲಿ ಬಿದ್ದಿರುತ್ತೆ, ಸ್ಪ್ರಿಂಕ್ಲರ್ ಪೈಪು ಚಪ್ಪಟೆ. ಅದಕ್ಕೂ ಮೇಲೆ ಪ್ರಾಣ. ಕುಯ್ಲಿಗೆ ಬಂದ ಹೆಂಗಸರು ಸತ್ತಿದ್ದನ್ನ ಕಂಡಿದ್ದೀವಿ. ನಾವು ಆನೆ ಸ್ಥಳಾಂತರ ಮಾಡಿ ಅಂದ್ರೆ, ಒಂದು ರಾತ್ರಿಯೂ ಇಲ್ಲಿ ಕಳೆಯದೋರು ನಮ್ಮನ್ನ ಕ್ರೂರಿಗಳು ಅಂತ ಬರೀತಾರೆ. ಹಾಗೇ ಅಲ್ವಾ ಆ ತಿಮಿಂಗಿಲ ಹಿಡಿಯೋ ಊರುಗಳ ಜನಕ್ಕೂ ಅನ್ನಿಸೋದು? ನಾನು ಓದಿದ್ದು, 1999ರ ಮೇನಲ್ಲಿ ಅಮೆರಿಕದ ವಾಯವ್ಯ ಮೂಲೆಯ ಮಕಾ ಅನ್ನೋ ಬುಡಕಟ್ಟಿನವರು ತಲೆತಲಾಂತರದ ಪದ್ಧತಿಯಂತೆ ಒಂದು ಗ್ರೇ ತಿಮಿಂಗಿಲ ಹೊಡೆದರು. ಒಪ್ಪಂದದ ಹಕ್ಕಿತ್ತು ಅವರಿಗೆ. ಆದರೂ ಇದೇ ಹೋರಾಟಗಾರರು ದೋಣಿ ತಂದು ಅಡ್ಡ ಬಂದರು, ಆ ಜನಕ್ಕೆ ಎಲ್ಲಿ ಎಲ್ಲಿಂದಲೋ ಬೈಗುಳ ಬಂತು. ಹೊರಗಿಂದ ಬಂದು ಅಡ್ಡ ನಿಲ್ಲೋದರಲ್ಲಿ ಈ ಅನ್ಯಾಯ ಇದ್ದೇ ಇರುತ್ತೆ ಅಂತ ನನಗನ್ನಿಸುತ್ತೆ.

ಕಳಸದ_ಮೇಷ್ಟ್ರು

ತಾಯಿ, ನೀವು ಹೇಳಿದ್ದು ಸರಿ. ಮಕಾ ಜನರ ವಿಷಯದಲ್ಲಿ ಆದದ್ದು ಅನ್ಯಾಯ. ಅಲಾಸ್ಕದ ಇನುಪಿಯಾಟ್, ಗ್ರೀನ್‌ಲ್ಯಾಂಡಿನ ಜನ ಮುಂತಾದವರಿಗೆ ಬದುಕಿಗಾಗಿ ಇಷ್ಟು ಎಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವೇ ಅನುಮತಿ ಕೊಡುತ್ತದೆ, ಅವರಿಗೆ ಅಡ್ಡ ನಿಲ್ಲುವುದನ್ನು ನಾನು ಬೆಂಬಲಿಸುವುದಿಲ್ಲ. ಜೊತೆಯಲ್ಲಿ ಬದುಕುವವರನ್ನು ಒಲಿಸಿಕೊಂಡೇ ಆಗಬೇಕು. ಗುಜರಾತಿನ ಕರಾವಳಿಯಲ್ಲಿ ವ್ಹೇಲ್ ಶಾರ್ಕ್ ಎಂಬ ದೈತ್ಯ ಮೀನಿನ ವಿಷಯದಲ್ಲಿ ಹಾಗೆಯೇ ಆಯಿತು. 2001ರಲ್ಲಿ ಕಾನೂನು ರಕ್ಷಣೆ ಬಂತು, 2004ರಲ್ಲಿ ಮೊರಾರಿ ಬಾಪು ಅವರು ಊರೂರಿನಲ್ಲಿ ಹೇಳಿದರು, ಬಲೆ ಕತ್ತರಿಸಿ ಮೀನು ಬಿಟ್ಟ ಬೆಸ್ತರಿಗೆ ಬಲೆಯ ದುಡ್ಡು ಅರಣ್ಯ ಇಲಾಖೆಯಿಂದ ಸಿಗುವ ಏರ್ಪಾಡಾಯಿತು. ಕೊಲ್ಲುತ್ತಿದ್ದವರೇ ಬಿಡುವವರಾದರು. ನಿಮ್ಮ ತೋಟಕ್ಕೂ ಅಂಥ ಏರ್ಪಾಡು ತಕ್ಕಷ್ಟು ಸಿಗಬೇಕು, ಸಿಕ್ಕಿಲ್ಲ, ಆ ಸಿಟ್ಟು ನ್ಯಾಯವಾದದ್ದು.

ಆದರೆ ನಿಸ್ಶಿನ್ ಮಾರು ಯಾವ ಊರಿನ ದೋಣಿ? ಜಪಾನಿನಿಂದ ಸಾವಿರಾರು ಮೈಲಿ ದಕ್ಷಿಣಕ್ಕೆ, ಯಾರ ತೋಟವೂ ಇಲ್ಲದ ಕಡೆಗೆ, 1994ರಲ್ಲಿ ಅಭಯಧಾಮ ಎಂದು ಘೋಷಿಸಿದ ನೀರಿಗೆ, ಸರ್ಕಾರದ ಸಹಾಯಧನದಲ್ಲಿ ಹೋಗುತ್ತಿತ್ತು. ಆ ಮಾಂಸಕ್ಕೆ ಅವರ ದೇಶದಲ್ಲೇ ಬೇಡಿಕೆ ಇಲ್ಲ. 1960ರ ದಶಕದಲ್ಲಿ ವರ್ಷಕ್ಕೆ 2 ಲಕ್ಷ ಟನ್ ದಾಟಿದ್ದ ಬಳಕೆ ಈಗ ಕೆಲವೇ ಸಾವಿರ ಟನ್. ಅಲ್ಲಿ ತಿಮಿಂಗಿಲದಿಂದ ಬೆಳೆ ಹೋದವರು ಯಾರೂ ಇರಲಿಲ್ಲ.

ಸಕಲೇಶಪುರ_ತೋಟ

ಅದನ್ನ ಒಪ್ತೀನಿ ಮೇಷ್ಟ್ರೇ. ನಮ್ಮ ಮೇಲೆ ಬರೆಯೋರೂ ಇಷ್ಟು ವಿಂಗಡಿಸಿ ನೋಡಿದ್ದರೆ ಆಗಿತ್ತು.

ಹಾಸನ_ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಪೂರ್ತಿ ಓದಿದೆ. 103, 333 ಬಂದಾಗ ಇನ್ನೊಂದು ಸಲ ಓದು ಅಂದರು. ತಮ್ಮ ಹಗ್ಗ ಮತ್ತು ಸೀಲಿನ ಭಾಗಕ್ಕೆ ತಲೆಯಾಡಿಸಿದ, ಅದು ಅವನಿಗೆ ಗೊತ್ತಿತ್ತು. ಈಗ ಅವನ ಪ್ರಶ್ನೆ: ಈಗಿನ ಪರಿಸ್ಥಿತಿಯಲ್ಲಿ ಆ ಜುಟ್ಟು ಎಲ್ಲಿದೆ? ಅಪ್ಪನ ಪ್ರಶ್ನೆ: ಜಪಾನಿನವರು ಅಂಟಾರ್ಕ್ಟಿಕಾ ಬಿಟ್ಟಿದ್ದರೆ ಇವನು ಹೋಗೋದು ಎಲ್ಲಿಗೆ?

ಕಳಸದ_ಮೇಷ್ಟ್ರು

ನಿಮ್ಮ ತಂದೆಯವರ ಪ್ರಶ್ನೆ ಬಹಳ ಸರಿಯಾದದ್ದು. ಜಪಾನ್ 2019ರ ಜೂನ್ 30ಕ್ಕೆ ತಿಮಿಂಗಿಲ ಆಯೋಗವನ್ನೇ ಬಿಟ್ಟಿತು. ಮರುದಿನ ಜುಲೈ 1ರಿಂದ ತನ್ನ ಕಡಲ ವಲಯದೊಳಗೆ ವಾಣಿಜ್ಯ ಬೇಟೆ ಶುರು ಮಾಡಿತು, ಅಂಟಾರ್ಕ್ಟಿಕ್ ಬೇಟೆ ನಿಂತಿತು. 2024ರಲ್ಲಿ ಕಾಂಗೆಯ್ ಮಾರು ಎಂಬ ಹೊಸ ತಾಯಿಹಡಗು ಕಟ್ಟಿದೆ, ಫಿನ್ ತಿಮಿಂಗಿಲವನ್ನೂ ಪಟ್ಟಿಗೆ ಸೇರಿಸಿದೆ. ಅದು ಅವರ ಪೊಲೀಸರು, ಅವರ ಕಾನೂನು ನಡೆಯುವ ನೀರು. ಅಲ್ಲಿ ಅಡ್ಡ ನಿಲ್ಲುವುದೆಂದರೆ ಜೈಲು ಮಾತ್ರ, ಇಂದಿನ ಮಟ್ಟಿಗೆ ಹಡಗು ಕಳಿಸಿ ಪ್ರಯೋಜನವಿಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕೆಲಸ ಮಾಡಬೇಕಾದವರು ಆ ದೇಶದ ಜನ, ಆ ಮಾಂಸ ಕೊಳ್ಳದವರು. ನಾರ್ವೆಯದೂ ಹಾಗೆಯೇ, ತಡೆಗೆ ಆಕ್ಷೇಪ ಸಲ್ಲಿಸಿ ತನ್ನ ತೀರದಲ್ಲೇ ಮಿಂಕೆ ಹೊಡೆಯುತ್ತದೆ.

ಐಸ್ಲೆಂಡಿನಲ್ಲಿ ಬೇರೆ. 2023ರ ಸೆಪ್ಟೆಂಬರಿನಲ್ಲಿ, ಆ ಸರ್ಕಾರದ ತಾತ್ಕಾಲಿಕ ತಡೆ ಮುಗಿದ ಕೂಡಲೇ, ಇಬ್ಬರು ಹೆಂಗಸರು ರೇಕ್ಯಾವಿಕ್ ಬಂದರಿನಲ್ಲಿ ನಿಂತಿದ್ದ ಎರಡು ಬೇಟೆ ಹಡಗುಗಳ ಕಂಬ ಹತ್ತಿ ಕಾವಲುಗೂಡಿನಲ್ಲಿ ಒಂದು ದಿನಕ್ಕೂ ಹೆಚ್ಚು ಕೂತರು. ಹಡಗು ಹೊರಡುವುದು ತಡವಾಯಿತು, ಯಾರ ಪ್ರಾಣಕ್ಕೂ ಅಪಾಯ ತರಲಿಲ್ಲ, ಕಂಬದ ಮೇಲಿದ್ದ ತಮ್ಮದನ್ನು ಬಿಟ್ಟು. 2024, 2025ರಲ್ಲಿ ಅಲ್ಲಿ ಫಿನ್ ಬೇಟೆಗೆ ಹಡಗು ಹೊರಡಲೇ ಇಲ್ಲ. ಅದರಲ್ಲಿ ಮಾರುಕಟ್ಟೆಯ ಪಾಲು ದೊಡ್ಡದು.

ನಿಮ್ಮ ತಮ್ಮನಂಥವರು ನಿಜವಾಗಿ ಬೇಕಾಗಿರುವುದು ಪಶ್ಚಿಮ ಆಫ್ರಿಕದಲ್ಲಿ ಎಂದು ನನಗೆ ಅನ್ನಿಸುತ್ತದೆ. 2016ರಿಂದ ಗಬಾನ್, 2017ರಿಂದ ಲೈಬೀರಿಯಾ ಸರ್ಕಾರಗಳು ಸೀ ಶೆಫರ್ಡ್ ಹಡಗುಗಳನ್ನು ಬಳಸಿಕೊಂಡು ತಮ್ಮ ನೀರಿನ ಕಳ್ಳಮೀನುಗಾರಿಕೆಯನ್ನು ಹಿಡಿಯುತ್ತಿವೆ. ಹಡಗು, ಎಂಜಿನಿಯರ್ ಇವರದು. ಹತ್ತಿ ತಪಾಸಣೆ ಮಾಡುವ, ಬಂಧಿಸುವ ಅಧಿಕಾರಿಗಳು ಆ ದೇಶದವರು, ಕಾನೂನು ಆ ದೇಶದ್ದು. ಅರಕಲಗೂಡಿನವರು ಹೇಳಿದ ಕೇಸಿನ ಭಯ ಅಲ್ಲಿ ತೀರಾ ಕಡಿಮೆ. ದೊಡ್ಡ ಟ್ರಾಲರುಗಳ ಬಲೆಗೆ ಡಾಲ್ಫಿನ್, ಶಾರ್ಕು ಎಲ್ಲ ಸಿಕ್ಕಿ ಸಾಯುತ್ತವೆ. ತಿಮಿಂಗಿಲದ ಕಡೆಗೇ ಮನಸ್ಸಿದ್ದರೆ ಅಂಟಾರ್ಕ್ಟಿಕ್‌ನಲ್ಲೇ ಕ್ರಿಲ್ ಎಂಬ ಸಿಗಡಿಯಂಥ ಸಣ್ಣ ಜೀವಿಯನ್ನು ಹಿಡಿಯುವ ದೊಡ್ಡ ಟ್ರಾಲರುಗಳ ಮೇಲೆ ಕಣ್ಣಿಡುವ ಯಾನಗಳು ಈಚೆಗೆ ನಡೆಯುತ್ತಿವೆ. ಅಲ್ಲಿ ಯಾರೂ ಹಾರ್ಪೂನ್ ಹೊಡೆಯುತ್ತಿಲ್ಲ, ತಿಮಿಂಗಿಲದ ಊಟವನ್ನೇ ಬಲೆ ಹಾಕಿ ಎತ್ತುತ್ತಿದ್ದಾರೆ. ಅಲ್ಲಿ ನೋಡಿ, ಬರೆದು, ಚಿತ್ರ ತೆಗೆದು ತರುವ ಜನ ಇನ್ನೂ ಬೇಕು. ವಾಟ್ಸನ್ 2022ರಲ್ಲೇ ಸೀ ಶೆಫರ್ಡ್ ಬಿಟ್ಟು ತಮ್ಮದೇ ಸಂಸ್ಥೆ ಮಾಡಿಕೊಂಡಿದ್ದಾರೆ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಅರ್ಜಿ ಯಾರಿಗೆ, ಯಾವ ಯಾನಕ್ಕೆ ಎಂದು ನೋಡಿ ಹಾಕಲಿ.

ಎಂಜಿನ್‌ರೂಮ್_ಅರಕಲಗೂಡು

ಮೇಷ್ಟ್ರು ಹೇಳಿದ ಆಫ್ರಿಕದ ಕೆಲಸಕ್ಕಾದರೆ ನಾನೇ ನಿಮ್ಮ ತಂದೆಯವರ ಜೊತೆ ಮಾತಾಡ್ತೀನಿ ಮೇಡಂ. ತಮ್ಮನಿಗೆ ಎರಡು ಮಾತು ಹೇಳಿ. ಆ ಹಡಗಿನ ಮುಖ್ಯ ಎಂಜಿನ್ 750 ಕಿಲೋವ್ಯಾಟ್‌ಗಿಂತ ಮೇಲಿದೆಯಾ, ಅಲ್ಲಿನ ಸೇವೆ ಮುಂದಿನ ಪರೀಕ್ಷೆಗೆ ಸೀ ಟೈಮ್ ಅಂತ ಲೆಕ್ಕಕ್ಕೆ ಬರುತ್ತಾ ಅಂತ ಹೊರಡೋ ಮುಂಚೆ ಕೇಳಿ, ಉತ್ತರ ಕಾಗದದಲ್ಲಿ ತಗೊಳ್ಳಲಿ. ಆಮೇಲೆ ಇನ್ಶೂರೆನ್ಸ್. ಸಂಬಳ ಇಲ್ಲದಿದ್ದರೂ ಕೈಕಾಲು ಮುರಿದರೆ ಯಾರು ನೋಡ್ಕೋತಾರೆ ಅನ್ನೋದು ಕಾಂಟ್ರಾಕ್ಟಲ್ಲಿ ಬರೆದಿರಬೇಕು. ಸಾಲದ ಕಂತಿಗೆ ಅಷ್ಟು ತಿಂಗಳದ್ದು ಖಾತೇಲಿ ಇಟ್ಟು ಹೊರಟರೆ ನಿಮ್ಮಪ್ಪನ ಕಡೆಯಿಂದ ಅರ್ಧ ತಕರಾರು ಅಲ್ಲೇ ಮುಗಿಯುತ್ತೆ. ನನ್ನ ನಂಬರ್ ಮೆಸೇಜಲ್ಲಿ ಕಳಿಸಿದ್ದೀನಿ, ಭಾನುವಾರ ಹಾಸನಕ್ಕೆ ಬರ್ತೀನಿ, ಅವನು ಇದ್ದರೆ ಸಿಗಲಿ.